ಒಂದು ಹೆಜ್ಜೆ ಪಕ್ಕಕ್ಕೆ, ಬಂಡೆಯ ಒಳಕ್ಕೆ

ರಾತ್ರಿ ಹನ್ನೊಂದೂವರೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಲಾರಿಗಳ ಸದ್ದು ಸ್ವಲ್ಪ ಇಳಿಯುವ ಹೊತ್ತು. ಲ್ಯಾಪ್‌ಟಾಪ್ ಒಂದೇ ಸಮನೆ ಬುಸುಗುಡುತ್ತಿದೆ, ಮುಟ್ಟಿದರೆ ಕೈ ಚುರ್ರೆನ್ನುವಷ್ಟು ಕಾವು. ಪರದೆ ತುಂಬ ಕಪ್ಪು. ಆ ಕಪ್ಪಿನಲ್ಲಿ ಮೊದಲು ನಾಲ್ಕಾರು ಬೂದು ಚುಕ್ಕಿ, ಆಮೇಲೆ ನೂರು, ಆಮೇಲೆ ಸಾವಿರ, ಮಳೆಗಾಲದ ಸಂಜೆ ದೀಪಕ್ಕೆ ಹುಳು ಮುತ್ತಿದ ಹಾಗೆ! ನೋಡನೋಡುತ್ತಿದ್ದಂತೆ ಚುಕ್ಕಿಗಳು ಒತ್ತೊತ್ತಾದವು. ಅಂಚು ಮೂಡಿತು, ಬಿರುಕು ಮೂಡಿತು, ಬಿರುಕಿನ ಬುಡದಲ್ಲಿ ಬೆಳೆದಿದ್ದ ಪುಟ್ಟ ಆಲದ ಗಿಡವೂ ಮೂಡಿತು. ಬೆಳಗ್ಗೆ ಕುಣಿಗಲ್ ಕಡೆ ನಾನು ಕತ್ತೆತ್ತಿ ನೋಡುತ್ತಾ ನಿಂತಿದ್ದ ಬಂಡೆಗೋಡೆ ನನ್ನ ಮೇಜಿನ ಮೇಲೆ ಎದ್ದು ನಿಂತಿತ್ತು.

ಬೆರಳಾಡಿಸಿದೆ. ಗೋಡೆ ತಿರುಗಿತು. ಹತ್ತಲಾರದ ತುದಿಯನ್ನು ಮೇಲಿನಿಂದ ನೋಡಿದೆ. ನೀರು ನಿಂತಿದ್ದರಿಂದ ಹತ್ತಿರ ಹೋಗಲಾಗದ ಬುಡಕ್ಕೆ ಮೂಗು ತಾಗುವಷ್ಟು ಸಮೀಪ ಹೋದೆ. ಕೊನೆಗೆ ಗೋಡೆಯ ಹಿಂದಕ್ಕೂ ಹೋದೆ. ಬಂಡೆಯ ಒಳಗೆ ನಿಂತು, ಅದರ ಮುಖವನ್ನು ಬೆನ್ನ ಕಡೆಯಿಂದ ನೋಡಿದೆ! ಇದಕ್ಕೆ ನಾನು ಬಳಸಿದ್ದು ಮೊಬೈಲ್ ಫೋನಿನಲ್ಲಿ ತೆಗೆದ 64 ಫೋಟೋ, ಎರಡು ಮೀಟರಿನ ಅಳತೆಪಟ್ಟಿ, ಒಂದು ದಿಕ್ಸೂಚಿ ಮತ್ತು ಗಾರೆ ಕೆಲಸದವರ ತೂಗುಗುಂಡು. ಅಷ್ಟೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನನಗೆ ಕಂಡದ್ದು ಬರೀ ಚಂದದ ಚಿತ್ರವಲ್ಲ. ಆ ಗೋಡೆಯಲ್ಲಿ ಒಂದು ಕರಿಯ ಪಟ್ಟೆ ಇತ್ತು. ಅದು ಎತ್ತ ಹೋಗುತ್ತಿದೆ, ಕಣ್ಣಿಗೆ ಕಾಣದ ನೆಲದಡಿಯಲ್ಲಿ ಎಲ್ಲಿಗೆ ಹೊರಟಿದೆ ಎಂಬುದನ್ನು ಆ ಚುಕ್ಕಿಗಳೇ ಹೇಳುತ್ತಿದ್ದವು.

ಬೆಳಗಿನಿಂದಲೇ ಹೇಳುತ್ತೇನೆ.

ಕುಣಿಗಲ್ ತಾಲ್ಲೂಕಿನಲ್ಲಿ ಓಡಾಡಿದವರಿಗೆ ಗೊತ್ತು, ಅಲ್ಲಿ ನೆಲವೇ ಕಲ್ಲು. ಹುಲಿಯೂರುದುರ್ಗದ ಬೋರಲು ಹಾಕಿದ ಬಟ್ಟಲಿನಂಥ ಬೆಟ್ಟ, ಹುತ್ರಿದುರ್ಗದ ಬೋಳು ನೆತ್ತಿ, ಎರಡೂ ಬೆಂಗಳೂರಿನ ಸುತ್ತಲಿನ ನವದುರ್ಗಗಳ ಸಾಲಿನವು. ಬೆಟ್ಟ ಬಿಟ್ಟು ಬಯಲಿಗೆ ಇಳಿದರೂ ತೆಂಗಿನ ತೋಟದ ಮಗ್ಗುಲಲ್ಲಿ ಹಾಸುಬಂಡೆ, ರಾಗಿ ಹೊಲದ ನಡುವೆ ಗುಂಡು, ಊರ ಹೊರಗೆ ಯಾವ ಕಾಲದಲ್ಲೋ ಕೆಲಸ ನಿಂತ ಕಲ್ಲುಗಣಿ. ಅಂಥದೊಂದು ಹಳೇ ಗಣಿಯ ಎದುರು ನಾನು ನಿಂತಿದ್ದೆ. ಸುಮಾರು ಒಂಬತ್ತು ಮೀಟರ್ ಎತ್ತರ, ಮೂವತ್ತು ಮೀಟರ್ ಉದ್ದದ ಕಡಿದ ಗೋಡೆ. ಬುಡದಲ್ಲಿ ಹಸಿರು ನೀರು. ಬಂಡೆಯೆಲ್ಲ ಬೂದು ಬಿಳುಪಿನ ಎಳೆಗಳ ಪಟ್ಟಿಶಿಲೆ, ಭೂವಿಜ್ಞಾನಿಗಳ ಬಾಯಲ್ಲಿ ನೈಸ್. ಅದನ್ನು ಸೀಳಿಕೊಂಡು ಮೇಲಿನಿಂದ ಕೆಳಕ್ಕೆ ಒಂದೇ ಒಂದು ಕರಿಯ ಪಟ್ಟೆ, ಹಸುವಿನ ಬೆನ್ನ ಮೇಲೆ ಬಿದ್ದ ಮಸಿಯ ಗೆರೆಯ ಹಾಗೆ. ಕರಿಕಲ್ಲು! ಡೈಕ್!

ಈ ಎರಡು ಬಣ್ಣಗಳ ನಡುವೆ ಎಂಥ ಕಾಲ ಕೂತಿದೆ ನೋಡಿ. ಹಳೇ ಮೈಸೂರಿನ ನೆಲಗಟ್ಟಾದ ಈ ಪಟ್ಟಿಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್, 1916ರಲ್ಲಿ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಮಕ್ಕಳು ಹತ್ತಿ ಆಡುವ ಬಂಡೆಯೂ ಇದೇ ಕಲ್ಲು, ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇದರ ವಯಸ್ಸು 250ರಿಂದ 340 ಕೋಟಿ ವರ್ಷ. ಈ ಕಲ್ಲು ತಣ್ಣಗಾಗಿ, ಗಟ್ಟಿಯಾಗಿ, ಯುಗಗಳು ಕಳೆದ ಮೇಲೆ ಒಂದು ದಿನ ಬಿರಿಯಿತು. ಬಿರುಕಿನೊಳಗೆ ಆಳದ ಕಾದ ಕಲ್ಲಿನ ರಸ ನುಗ್ಗಿತು, ಅಲ್ಲೇ ಹೆಪ್ಪುಗಟ್ಟಿತು. ಅದೇ ಈ ಕರಿಗೋಡೆ. ಬೆಂಗಳೂರು, ಹಾರೋಹಳ್ಳಿಗಳ ಸುತ್ತ ಪೂರ್ವ-ಪಶ್ಚಿಮವಾಗಿ ಹರಡಿರುವ ಡೈಕ್‌ಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಭೂಮಿಯ ಗಾಳಿಯಲ್ಲಿ ಆಮ್ಲಜನಕ ಕೂಡಿಕೊಳ್ಳತೊಡಗಿದ ಕಾಲ ಅದು. ಗಿಡವಿಲ್ಲ, ಹುಳುವಿಲ್ಲ, ಹಕ್ಕಿಯಿಲ್ಲ. ಇವತ್ತು ಅದರ ಮೇಲೆ ಓತಿಕೇತ ಕೂತು ಬಿಸಿಲು ಕಾಯಿಸುತ್ತಿದೆ.

ನಾನು ಮೊದಲು ಒಂದು ಫೋಟೋ ತೆಗೆದೆ. ಎಲ್ಲರೂ ತೆಗೆಯುವ ಹಾಗೆ, ಎದುರು ನಿಂತು. ಅದರಲ್ಲಿ ಕರಿಪಟ್ಟೆ ಸುಮಾರು 2.4 ಮೀಟರ್ ಅಗಲ ಕಂಡಿತು. ಆ ಫೋಟೋ ನನ್ನನ್ನು ಎಷ್ಟು ದಾರಿ ತಪ್ಪಿಸಿತ್ತು ಎಂಬುದು ರಾತ್ರಿ ಗೊತ್ತಾಗಲಿತ್ತು!

ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟೆ. ಇನ್ನೊಂದು ಫೋಟೋ. ಮತ್ತೊಂದು ಹೆಜ್ಜೆ, ಮತ್ತೊಂದು ಫೋಟೋ. ಒಂದರಲ್ಲಿ ಕಂಡ ಬಂಡೆಯ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು, ಹೆಂಚು ಹೊದಿಸುವಾಗ ಒಂದರ ಮೇಲೊಂದು ಏರಿಸುವ ಹಾಗೆ. ಹೀಗೆ ಗೋಡೆಯ ಈ ತುದಿಯಿಂದ ಆ ತುದಿಗೆ, ಆಮೇಲೆ ಫೋನನ್ನು ಕೊಂಚ ಮೇಲೆತ್ತಿ ಅದೇ ಹಾದಿಯಲ್ಲಿ ವಾಪಸು. ಬಿಸಿಲು ಏರುವ ಮೊದಲೇ ಮುಗಿಸಬೇಕು. ನೆರಳು ಸರಿದರೆ ಕಂಪ್ಯೂಟರಿಗೆ ಗಲಿಬಿಲಿ.

ಇಡೀ ವಿದ್ಯೆಯ ಗುಟ್ಟು ಆ ಹೆಜ್ಜೆಯಲ್ಲೇ ಇದೆ. ಹೆಬ್ಬೆರಳನ್ನು ಮೂಗಿನ ಎದುರು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ, ದೂರದ ಗೋಡೆ ಅಲುಗುವುದಿಲ್ಲ. ಹತ್ತಿರದ್ದು ಹೆಚ್ಚು ಜಿಗಿಯುತ್ತದೆ, ದೂರದ್ದು ಕಡಿಮೆ. ಆ ಜಿಗಿತವನ್ನು ಅಳೆದರೆ ದೂರ ಸಿಕ್ಕಿತು! ನಮ್ಮ ಎರಡು ಕಣ್ಣಿನ ನಡುವೆ ನಾಲ್ಕು ಬೆರಳಿನ ಅಂತರ. ಆ ಅಂತರದಿಂದಲೇ ನಾವು ಲೋಟಕ್ಕೆ ಕಾಫಿ ಸುರಿಯುತ್ತೇವೆ, ಬರುವ ಚೆಂಡು ಹಿಡಿಯುತ್ತೇವೆ. ಬಂಡೆಗೋಡೆಯ ಮುಂದೆ ಹೆಜ್ಜೆ ಹೆಜ್ಜೆಗೂ ಫೋಟೋ ತೆಗೆದ ನಾನು ಮೂವತ್ತು ಮೀಟರ್ ಉದ್ದದ ಮೈಮೇಲೆ 64 ಕಣ್ಣಿರುವ ಪ್ರಾಣಿಯಾಗಿಬಿಟ್ಟೆ.

ಈ ಆಸೆ ಹೊಸತಲ್ಲ. ಜರ್ಮನಿಯಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ಕಟ್ಟಡಗಾರ 1858ರಲ್ಲಿ ವೆಟ್ಸ್‌ಲಾರ್ ಊರಿನ ದೊಡ್ಡ ಚರ್ಚನ್ನು ಅಳೆಯಲು ಹೋಗಿ, ಎತ್ತರದಿಂದ ಬಿದ್ದು ಸಾಯುವುದು ಕೂದಲೆಳೆಯಲ್ಲಿ ತಪ್ಪಿತು. ಜೀವ ಪಣಕ್ಕಿಟ್ಟು ಅಳೆಯುವ ಬದಲು ಫೋಟೋದಿಂದಲೇ ಅಳೆಯಬಾರದೇಕೆ ಎಂಬ ಯೋಚನೆ ಆತನಿಗೆ ಬಂದದ್ದು ಅಲ್ಲಿ. ಅದರ ಹೆಸರು ಫೋಟೋಗ್ರಾಮೆಟ್ರಿ. 1979ರಲ್ಲಿ ಶಿಮೋನ್ ಉಲ್ಮನ್, ಚಲಿಸುವ ಚಿತ್ರಗಳಿಂದ ವಸ್ತುವಿನ ಆಕಾರವನ್ನು ಗಣಿತದಿಂದ ಹೊರತೆಗೆಯಬಹುದೆಂದು ತೋರಿಸಿದರು. 2009ರಲ್ಲಿ ಸಮೀರ್ ಅಗರ್ವಾಲ್ ಮತ್ತು ಜೊತೆಗಾರರು ಪ್ರವಾಸಿಗರು ಅಂತರ್ಜಾಲಕ್ಕೆ ಹಾಕಿದ್ದ ರೋಮ್ ನಗರದ ಒಂದೂವರೆ ಲಕ್ಷ ಫೋಟೋಗಳನ್ನು ಸುಮಾರು ಐನೂರು ಕಂಪ್ಯೂಟರ್ ಮಿದುಳುಗಳಿಗೆ ಕೊಟ್ಟರು. ಒಂದು ದಿನ ತುಂಬುವುದರೊಳಗೆ ರೋಮಿನ ಕಟ್ಟಡಗಳು ಮೂರು ಆಯಾಮದಲ್ಲಿ ಎದ್ದವು. ಅಂದು ಅಷ್ಟು ಕಂಪ್ಯೂಟರ್ ಬೇಡಿದ ವಿದ್ಯೆಯ ಒಂದು ಗುಟುಕು ಇಂದು ತುಮಕೂರಿನ ಬಾಡಿಗೆ ಕೋಣೆಯ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತಿದೆ.

ನಡೆಯುವುದಾದರೂ ಹೇಗೆ? ತಂತ್ರಾಂಶ ಮೊದಲು ಪ್ರತಿ ಫೋಟೋದಲ್ಲೂ ಗುರುತು ಹಿಡಿಯಬಹುದಾದ ಜಾಗಗಳನ್ನು ಹುಡುಕುತ್ತದೆ: ಕಲ್ಲುಹೂವಿನ ಒಂದು ಬಿಳಿ ಚಕ್ಕೆ, ಬೆಣಚುಕಲ್ಲಿನ ಒಂದು ಮಿನುಗು, ಹಿಂದೆ ಯಾರೋ ಕೊರೆದ ತಮರಿನ ಗುಳಿ. ಒಂದೇ ಚಕ್ಕೆಯನ್ನು ಹತ್ತು ಫೋಟೋಗಳಲ್ಲಿ ಗುರುತಿಸುತ್ತದೆ. ಪ್ರತಿ ಫೋಟೋದಿಂದ ಆ ಚಕ್ಕೆಗೆ ಒಂದೊಂದು ನೇರ ಕಿರಣ ಎಳೆಯುತ್ತದೆ. ಹತ್ತೂ ಕಿರಣ ಒಂದೇ ಕಡೆ ಸೇರಬೇಕಾದರೆ ಕ್ಯಾಮೆರಾ ಎಲ್ಲೆಲ್ಲಿ ನಿಂತಿರಬೇಕು, ಚಕ್ಕೆ ಎಲ್ಲಿರಬೇಕು ಎರಡನ್ನೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಒಂದು ಚಕ್ಕೆಗಲ್ಲ, ಸಾವಿರಾರು ಚಕ್ಕೆಗಳಿಗೆ ಒಂದೇ ಏಟಿಗೆ! ನಾನು ಎಲ್ಲಿ ನಿಂತಿದ್ದೆ ಎಂದು ನಾನು ಹೇಳಿರಲಿಲ್ಲ. ಬಂಡೆಯೇ ಹೇಳಿತು. ಪರದೆಯಲ್ಲಿ ನನ್ನ 64 ಹೆಜ್ಜೆಗಳೂ ಪುಟ್ಟ ನೀಲಿ ಚೌಕಗಳಾಗಿ ಗಣಿಯ ಅಂಚಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಕಾಲು ಜಾರಿ ಒಂದಡಿ ಹಿಂದೆ ಸರಿದಿದ್ದ ಜಾಗದಲ್ಲಿ ಆ ಸಾಲೂ ಒಂದಡಿ ಹಿಂದೆ ಸರಿದಿತ್ತು.

ಆದರೆ ಫೋಟೋಗೆ ಗೊತ್ತಾಗದ ಮೂರು ಸಂಗತಿಗಳಿವೆ. ದೊಡ್ಡದೋ ಚಿಕ್ಕದೋ ಗೊತ್ತಿಲ್ಲ, ಉತ್ತರ ಯಾವ ಕಡೆ ಗೊತ್ತಿಲ್ಲ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲ. ಆ ಮೂರನ್ನೂ ನಾವು ಕೊಡಬೇಕು. ಅಳತೆಪಟ್ಟಿಯನ್ನು ಗೋಡೆಯ ಬದಿಯಲ್ಲಿ ಫೋಟೋಗೆ ಬೀಳುವ ಹಾಗೆ ಇಟ್ಟಿದ್ದೆ, ಅದರಿಂದ ಗಾತ್ರ. ಆ ಪಟ್ಟಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ದಿಕ್ಸೂಚಿಯಲ್ಲಿ ಓದಿ ಬರೆದುಕೊಂಡಿದ್ದೆ, ಅದರಿಂದ ಉತ್ತರ. ಇನ್ನು ಒಂದು ಕೊಂಬೆಯಿಂದ ತೂಗುಗುಂಡು ಇಳಿಬಿಟ್ಟಿದ್ದೆ. ಮನೆ ಗೋಡೆ ನೆಟ್ಟಗಿದೆಯೇ ಎಂದು ಗಾರೆಯವರು ನೋಡುವ ಅದೇ ದಾರ, ಅದೇ ಗುಂಡು. ಭೂಮಿಯ ನಡುಮಧ್ಯಕ್ಕೆ ಬೆರಳು ತೋರುವ ಆ ದಾರ ಫೋಟೋಗಳಲ್ಲಿ ಸಣ್ಣ ಗೆರೆಯಾಗಿ ಬಿದ್ದಿತ್ತು. ಅದರ ಮೇಲೊಂದು, ಕೆಳಗೊಂದು ಚುಕ್ಕಿ ಗುರುತಿಸಿದೆ. ಓರೆಯಾಗಿ ತೇಲುತ್ತಿದ್ದ ಇಡೀ ಬಂಡೆ ಮೆಲ್ಲಗೆ ತಿರುಗಿ ನೆಟ್ಟಗೆ ನಿಂತಿತು. ಎಂಥ ಕ್ಷಣ ಅದು!

ಈಗ ಕರಿಪಟ್ಟೆಯ ಕಡೆ ಬಂದೆ. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಅಲುಗಾಡದು, ಯಾಕೆಂದರೆ ಒಂದೇ ಗೆರೆಯಲ್ಲಿಲ್ಲದ ಮೂರು ಚುಕ್ಕಿಗಳಿಗೆ ಒಂದೇ ಒಂದು ಸಮತಲ. ಗಣಿಗೋಡೆ ಗಾಜಿನಂತೆ ಚಪ್ಪಟೆಯಲ್ಲ. ಅಲ್ಲಲ್ಲಿ ಮೆಟ್ಟಿಲು, ಅಲ್ಲಲ್ಲಿ ಮೂಲೆ. ಆ ಉಬ್ಬುತಗ್ಗುಗಳಲ್ಲಿ ಕರಿಕಲ್ಲಿನ ಅಂಚು ಒಳಹೊರಗೆ ಓಡಾಡುತ್ತದೆ. ಆ ಅಂಚಿನುದ್ದಕ್ಕೂ ಚುಕ್ಕಿ ಇಡುತ್ತಾ ಹೋದೆ. ಕ್ಲೌಡ್‌ಕಂಪೇರ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ‘ಕಂಪಾಸ್’ ಸಲಕರಣೆ ಇದೆ. ಅದು ಚುಕ್ಕಿಗಳ ಮೂಲಕ ಒಂದು ಹಲಗೆ ಹಾಯಿಸಿತು. ಉತ್ತರ ಬಂತು: ಈ ಡೈಕ್ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ, ಬಹುತೇಕ ನೆಟ್ಟಗೆ ನಿಂತಿದೆ. ಗಣಿಯ ಗೋಡೆ ಅದನ್ನು 30 ಡಿಗ್ರಿ ಓರೆಯಲ್ಲಿ ಕಡಿದಿದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದುದ್ದ ಬರುತ್ತದಲ್ಲ, ಹಾಗೆ! ಎದುರು ನಿಂತು ತೆಗೆದ ಫೋಟೋದಲ್ಲಿ 2.4 ಮೀಟರ್ ಕಂಡ ಕರಿಗೋಡೆಯ ನಿಜವಾದ ದಪ್ಪ 1.2 ಮೀಟರ್. ಒಂದು ಫೋಟೋ ನೋಡುತ್ತದೆ. ಅರವತ್ತನಾಲ್ಕು ಫೋಟೋ ಕೂಡಿದರೆ ಅಳೆಯುತ್ತದೆ.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಅಂಚಿನ ಚುಕ್ಕಿಗಳನ್ನು ಗೆಮ್‌ಪೈ ಎಂಬ ಇನ್ನೊಂದು ತಂತ್ರಾಂಶಕ್ಕೆ ಕೊಟ್ಟೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಇದು ಯಾರಿಗೂ ಉಚಿತ. ಗಣಿ ಕಂಪನಿಗಳು ಬಳಸುವ ಲೀಪ್‌ಫ್ರಾಗ್‌ನಂಥ ದುಬಾರಿ ತಂತ್ರಾಂಶಗಳೂ ಮಾಡುವುದು ಈ ಬಗೆಯ ಕೆಲಸವನ್ನೇ: ಅಲ್ಲೊಂದು ಇಲ್ಲೊಂದು ಕಂಡ ತುಣುಕುಗಳ ನಡುವೆ, ಕಾಣದ ಕಡೆಯೂ ಹಾಯುವ ಮೇಲ್ಮೈಯನ್ನು ಗಣಿತದಿಂದ ಹೆಣೆಯುವುದು. ಎರಡು ಕಂಬದ ನಡುವೆ ತಂತಿ ಹೇಗೆ ಜೋಲುತ್ತದೆ ಎಂದು ಕಂಬ ನೋಡಿದರೇ ಊಹಿಸಬಹುದಲ್ಲ, ಅದನ್ನೇ ನೆಲದಡಿಯ ಕಲ್ಲಿಗೆ ಮಾಡುವುದು. ಬರೀ ಒಂದೇ ಫೋಟೋ ಇದ್ದರೂ ಲೀಪ್‌ಫ್ರಾಗ್‌ನಂಥ ತಂತ್ರಾಂಶಗಳಲ್ಲಿ ಅದನ್ನು ತಕ್ಕ ಜಾಗದಲ್ಲಿ ನಾಟಕದ ಪರದೆಯಂತೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಗೆರೆ ಎಳೆಯಬಹುದು. ಗುಬ್ಬಿ ವೀರಣ್ಣನವರ ಕಂಪನಿಯ ಪರದೆಗಳನ್ನು ಕಂಡ ಜಿಲ್ಲೆಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ! ಆದರೆ ಚಪ್ಪಟೆ ಪರದೆಯಲ್ಲಿ ಉಬ್ಬುತಗ್ಗಿಲ್ಲ. ಅದರಿಂದ ತೋರಿಕೆಯ ಅಗಲ ಸಿಕ್ಕೀತು, ವಾಲುವ ಕೋನ ಸಿಗದು.

ಮಾದರಿಯಲ್ಲಿ ಕರಿಯ ಹಲಗೆ ಗಣಿಯ ಗೋಡೆ ದಾಟಿ ಪಶ್ಚಿಮಕ್ಕೆ ಚಾಚಿತು. ಮೇಲಿನ ನೆಲವನ್ನು ಅದು ಎಲ್ಲಿ ಮುಟ್ಟುತ್ತದೋ ಅಲ್ಲಿ ಒಂದು ಗೆರೆ. ಉಪಗ್ರಹ ಚಿತ್ರದ ಮೇಲೆ ಆ ಗೆರೆ ಹಾಕಿದೆ. ಗಣಿಯಿಂದ 200 ಮೀಟರ್ ಆಚೆ ಒಂದು ಹೊಲದ ನಡುವೆ ಹಾದುಹೋಯಿತು. ಕೋನ ಮೂರು ಡಿಗ್ರಿ ತಪ್ಪಿದ್ದರೂ ಅಷ್ಟು ದೂರದಲ್ಲಿ ಹತ್ತು ಮೀಟರ್ ತಪ್ಪುತ್ತದೆ. ಬೆಳಗಾಗುವುದನ್ನೇ ಕಾದೆ.

ಆರೂವರೆಗೆಲ್ಲ ಕುಣಿಗಲ್ ಬಸ್ಸು ಹತ್ತಿದೆ. ಹೊಲದ ಹತ್ತಿರ ಹೋಗಿ ನೋಡುತ್ತೇನೆ, ರಾಗಿ ಕೊಯ್ದ ಬಯಲು. ನೆಲವೆಲ್ಲ ಕೆಮ್ಮಣ್ಣು, ನಡುನಡುವೆ ಬೆಣಚು ಚೂರು. ಫೋನಿನ ನಕ್ಷೆಯ ಮೇಲೆ ಕಣ್ಣಿಟ್ಟು ಆ ಗೆರೆಯ ಕಡೆಗೆ ನಡೆದೆ. ಇಪ್ಪತ್ತು ಹೆಜ್ಜೆ, ಏನಿಲ್ಲ. ಹತ್ತು ಹೆಜ್ಜೆ, ಏನಿಲ್ಲ. ಎದೆ ಹೊಡೆದುಕೊಳ್ಳುತ್ತಿದೆ. ಆಗ ಬದುವಿನ ಮೇಲೆ ಕಂಡಿತು: ಗುಂಡು ಗುಂಡಾದ ಕಲ್ಲುಗಳ ರಾಶಿ, ತುಕ್ಕಿನ ಬಣ್ಣದ ಸಿಪ್ಪೆ. ಅಂಗೈಯಷ್ಟು ದೊಡ್ಡದೊಂದನ್ನು ಎತ್ತಿಕೊಂಡೆ, ಆ ಗಾತ್ರಕ್ಕೆ ಎಣಿಸದಷ್ಟು ಭಾರ. ಇನ್ನೊಂದು ಕಲ್ಲಿಗೆ ಬಡಿದರೆ ಗಂಟೆಯ ಹಾಗೆ ಠಣ್ ಎಂದಿತು. ಒಡೆದ ಮಗ್ಗುಲು ಇದ್ದಿಲಿನಂತೆ ಕಪ್ಪು, ಸೂಜಿಮೊನೆಯಷ್ಟು ಮಿಂಚು. ಕರಿಕಲ್ಲು! ಗೆರೆಯಿಂದ ಆರೇಳು ಮೀಟರ್ ಈಚೆಗೆ, ಸಾಲಾಗಿ, ಪಶ್ಚಿಮಕ್ಕೆ!

ಹೊಲದ ಯಜಮಾನರು ಬಂದರು. ನಾನು ಉಸಿರು ಬಿಗಿಹಿಡಿದು ಎಲ್ಲ ಹೇಳಿದೆ, ಲ್ಯಾಪ್‌ಟಾಪ್ ತೆರೆದು ಕರಿಯ ಹಲಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: “ನಮ್ಮಪ್ಪನ ಕಾಲದಿಂದ್ಲೂ ನೇಗಿಲಿಗೆ ಕರಿಗುಂಡು ಸಿಕ್ಕೋದು ಈ ಪಟ್ಟೇಲಿ ಮಾತ್ರ. ಆ ಕಡೆ ಒಂದೂ ಇಲ್ಲ, ಈ ಕಡೆ ಒಂದೂ ಇಲ್ಲ. ಆಯ್ದು ಆಯ್ದು ಬದೀಗೆ ಹಾಕಿದ್ದು.” ನಾನು ಬದುವಿನ ಉದ್ದಕ್ಕೂ ಕಣ್ಣು ಹಾಯಿಸಿದೆ. ಎರಡು ತಲೆಮಾರು ನೇಗಿಲು ಹಿಡಿದವರು ನೆಲದಡಿಯ ಡೈಕ್‌ನ ನಕ್ಷೆಯನ್ನು ಕಲ್ಲಿನಿಂದಲೇ ಬರೆದಿಟ್ಟಿದ್ದರು. ನನ್ನ ಗೆರೆ ಹೋಗಿ ಅದಕ್ಕೆ ತಾಗಿತ್ತು.

ಇದು ಬರೀ ಕುತೂಹಲದ ಮಾತಲ್ಲ. ಡೈಕ್ ಎಂದರೆ ನೆಲದಡಿಯ ಗೋಡೆ. ನಮ್ಮ ಗಟ್ಟಿಕಲ್ಲಿನ ನಾಡಿನಲ್ಲಿ ಅಂತರ್ಜಲ ಓಡಾಡುವುದು ಬಿರುಕುಗಳಲ್ಲಿ. ಇಂಥ ಗೋಡೆ ಅಡ್ಡ ಬಂದರೆ ಕೆಲವು ಕಡೆ ನೀರು ಒಂದು ಮಗ್ಗುಲಲ್ಲಿ ತಡೆದು ನಿಲ್ಲುತ್ತದೆ, ಕೆಲವು ಕಡೆ ಅದರ ಸೀಳಿದ ಅಂಚಿನಲ್ಲೇ ಹರಿಯುತ್ತದೆ. ಬೋರ್‌ವೆಲ್ ಪಾಯಿಂಟ್ ಹುಡುಕಿ ಹುಡುಕಿ ತೋಟ ಅಡವಿಟ್ಟ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ! ಫೋಟೋದಿಂದ ನೀರು ಹುಟ್ಟುವುದಿಲ್ಲ. ಆದರೆ ಊರಿನ ಹಳೇ ಗಣಿ, ತೆರೆದ ಬಾವಿಯ ಕಲ್ಲಿನ ಮೈ, ರಸ್ತೆ ಕಡಿದ ದಿಬ್ಬ, ಇವುಗಳ ಬಿರುಕುಗಳು ಯಾವ ದಿಕ್ಕಿಗಿವೆ, ಎಷ್ಟು ವಾಲಿವೆ ಎಂಬ ಲೆಕ್ಕ ಊರಿನವರ ಕೈಯಲ್ಲಿದ್ದರೆ ಕುರುಡಾಗಿ ಕೊರೆಯುವುದು ಅಷ್ಟರಮಟ್ಟಿಗಾದರೂ ತಪ್ಪೀತು.

ಮುಂದಿನ ವಾರ ಗುಬ್ಬಿ. ಬಿ.ಎಚ್. ರಸ್ತೆ ಎಂದರೆ ಬೆಂಗಳೂರು-ಹೊನ್ನಾವರ ರಸ್ತೆ. ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್, ಅಲ್ಲಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಸಾಗಿದರೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಗದಗಿನಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೂ ಇಳಿದುಬರುವ ಚಿತ್ರದುರ್ಗದ ಷಿಸ್ಟ್ ಪಟ್ಟಿ ಅಲ್ಲಿ ಹಾಯುತ್ತದೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಹೊತ್ತುಕೊಂಡು. ಒಂದು ಬಸ್ ಟಿಕೆಟಿನಲ್ಲಿ ಭೂಖಂಡದ ಎರಡು ತುಂಡುಗಳ ನಡುವಿನ ಹೊಲಿಗೆಯನ್ನು ದಾಟಿಬಿಡಬಹುದು!

ಗುಬ್ಬಿ ಕಡೆಯ ಒಂದು ಜಲ್ಲಿ ಕ್ವಾರಿಯಲ್ಲಿ ಅನುಮತಿ ಕೇಳಿ, ಕೆಲಸವಿಲ್ಲದ ಭಾನುವಾರ, ತಲೆಗೆ ಹೆಲ್ಮೆಟ್ ಹಾಕಿ ಒಳಗೆ ಹೋದೆ. ಗೋಡೆಯ ಅಡಿಗೆ ಹೋಗಲಿಲ್ಲ, ಹೋಗಲೂಬಾರದು. ಸಿಡಿಮದ್ದಿಗೆ ಸಡಿಲವಾದ ಕಲ್ಲು ಯಾವಾಗ ಬೀಳುತ್ತದೋ ಹೇಳಲಾಗದು. ದೂರ ನಿಂತು ಅಳೆಯಬಹುದೆಂಬುದೇ ಈ ವಿದ್ಯೆಯ ಉಪಕಾರ, ಮೈಡೆನ್‌ಬಾವರನಿಗೆ ಬೇಕಾಗಿದ್ದೂ ಅದೇ. ಡ್ರೋನ್ ಇದ್ದರೆ ಇನ್ನೂ ಸಲೀಸು. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಮುನ್ನ ವಲಯ ನಕ್ಷೆ ನೋಡಲೇಬೇಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೇ ತೆರೆದಿದೆ. ನಾನು ನೆಲದ ಮೇಲೆಯೇ ನಡೆದೆ.

ಆ ಗೋಡೆಯಲ್ಲಿ ಕಂಡದ್ದು ಮಡಿಕೆ. ಬಿಳಿ ಎಳೆ, ಕರಿ ಎಳೆ, ಬಿಳಿ ಎಳೆ, ಸುತ್ತಿ ಒಗೆದ ಸೀರೆಯ ನಿರಿಗೆಯ ಹಾಗೆ. ಕಲ್ಲು ಹೀಗೆ ಮಡಚಿಕೊಳ್ಳಬೇಕಾದರೆ ಅದು ಎಷ್ಟು ಆಳದಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ನಿಧಾನವಾಗಿ ಬೆಣ್ಣೆಯಂತೆ ಹರಿದಿರಬೇಕು! ಗೋಡೆಯ ಒಂದು ಮುಖದಲ್ಲಿ ನಿರಿಗೆಗಳು ಹಾವಿನಂತೆ ಬಳುಕುತ್ತಿದ್ದವು. ಅದಕ್ಕೆ ಅಡ್ಡಲಾದ ಇನ್ನೊಂದು ಮುಖದಲ್ಲಿ ಅದೇ ಎಳೆಗಳು ಶಿಸ್ತಾಗಿ ಕೊರೆದ ನೇರ ಗೆರೆಗಳು. ಬೇರೆ ಬೇರೆ ಫೋಟೋ ನೋಡಿದವರು ಇವು ಎರಡು ಬೇರೆ ಕಲ್ಲು ಎಂದಾರು. ಮಾದರಿಯಲ್ಲಿ ಎರಡೂ ಮುಖ ಮೂಲೆಯಲ್ಲಿ ಕೂಡಿಕೊಂಡವು, ನನಗೆ ಥಟ್ಟನೆ ಹೊಳೆಯಿತು. ಸುರುಳಿ ಸುತ್ತಿಟ್ಟ ಚಾಪೆ! ತುದಿಯಿಂದ ನೋಡಿದರೆ ಸುರುಳಿ, ಮಗ್ಗುಲಿನಿಂದ ನೋಡಿದರೆ ಉದ್ದುದ್ದ ಕಡ್ಡಿ. ಆ ಕಡ್ಡಿಗಳು ತೋರುವ ದಿಕ್ಕೇ ಮಡಿಕೆಯ ಬೆನ್ನುಮೂಳೆ. ನೂರಾರು ಕೋಟಿ ವರ್ಷದ ಹಿಂದೆ ಈ ನೆಲವನ್ನು ಯಾವುದೋ ಬಲ ಅಡ್ಡಡ್ಡ ಒತ್ತಿತ್ತು, ಆ ಒತ್ತಡದ ಬೆರಳಚ್ಚು ಜಲ್ಲಿ ಗಣಿಯ ಮೂಲೆಯಲ್ಲಿತ್ತು.

ತುಮಕೂರಿಗೆ ವಾಪಸು ಬಂದವನು ದೇವರಾಯನದುರ್ಗಕ್ಕೆ ಹೋಗದೆ ಇರಲಾಗಲಿಲ್ಲ. ಶಿಂಷೆ ಹುಟ್ಟುವ ಬೆಟ್ಟ ಅದು. ಇಲ್ಲಿಂದ ಇಳಿದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಯಲ್ಲಿ ನಿಂತು, ಕಾವೇರಿಯ ಕಡೆ ಹೋಗುತ್ತಾಳೆ. ಇದೇ ಬೆಟ್ಟದ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತಾಳೆ. ಬೆಟ್ಟದ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷದ ಈ ಕಲ್ಲು ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದದ ಒಂದು ಕಿರಿದಾದ ಪಟ್ಟಿ. 1950ರ ದಶಕದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದವರು ನಮ್ಮ ಬಿ. ಪಿ. ರಾಧಾಕೃಷ್ಣ. ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ನಡೆಸಿದವರು, ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ದಶಕಗಳ ಕಾಲ ಕಟ್ಟಿ ಬೆಳೆಸಿದವರು. ಅವರ ಕೈಯಲ್ಲಿದ್ದದ್ದು ಸುತ್ತಿಗೆ, ದಿಕ್ಸೂಚಿ, ಟಿಪ್ಪಣಿ ಪುಸ್ತಕ. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಕಟ್ಟಿದಾಗಲೂ ಅವೇ ಮೂರು.

ಈ ಬೆಟ್ಟದಲ್ಲಿ ನಾನು ಫೋನನ್ನು ಬಂಡೆಗೆ ಮೊಳದಷ್ಟು ಹತ್ತಿರ ಹಿಡಿದು ಹೆಜ್ಜೆಯ ಬದಲು ಬೆರಳಗಲ ಸರಿಯುತ್ತಾ ಫೋಟೋ ತೆಗೆದೆ. ಅಷ್ಟು ಹತ್ತಿರದಲ್ಲಿ ಚಿತ್ರದ ಒಂದು ಚುಕ್ಕಿ ಕೂದಲೆಳೆಯಷ್ಟು ಸಣ್ಣದು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು, ಕೆಲವು ಹೆಬ್ಬೆರಳಿನುದ್ದ, ಪರದೆಯಲ್ಲಿ ಇಟ್ಟಿಗೆಗಳಂತೆ ಎದ್ದು ನಿಂತವು. ತಿರುಗಿಸಿ ನೋಡಿದರೆ ಬಹಳಷ್ಟು ಒಂದೇ ಕಡೆಗೆ ತಲೆಯಿಟ್ಟಿವೆ, ತುಂಬಿದ ಹೊಳೆಯಲ್ಲಿ ತೇಲುವ ದಿಮ್ಮಿಗಳು ಹರಿವಿನ ಗುಂಟ ಸಾಲಾಗುವ ಹಾಗೆ. ಕಲ್ಲು ಇನ್ನೂ ದ್ರವವಾಗಿದ್ದಾಗ ಹರಿದ ದಿಕ್ಕು! ಬಂಡೆ ಹೆಪ್ಪುಗಟ್ಟಿದ ಕ್ಷಣದಲ್ಲಿ ಆ ಹೊಳೆ ಹಾಗೆಯೇ ನಿಂತುಬಿಟ್ಟಿದೆ.

ಇನ್ನೂ ದೊಡ್ಡ ಬೆರಗು ಒಂದಿದೆ. ನಮ್ಮ ಈ ನೆಲ ಒಂದೇ ಮಟ್ಟದಲ್ಲಿಲ್ಲ. ಉತ್ತರದ ತುದಿ ಕುಸಿದು ದಕ್ಷಿಣದ ತುದಿ ಎದ್ದಂತೆ ಇಡೀ ಪ್ರದೇಶ ಓರೆಯಾಗಿದೆ, ಮೇಲಿನ ಪದರ ಸವೆದುಹೋಗಿದೆ. ಹಾಗಾಗಿ ಕ್ಲೋಸ್‌ಪೇಟೆ ಗ್ರಾನೈಟಿನ ದಕ್ಷಿಣ ತುದಿಯಲ್ಲಿ ಕಾಣುವುದು ಅದು ಕರಗಿ ಹುಟ್ಟಿದ ಆಳದ ಬೇರು. ಉತ್ತರಕ್ಕೆ ಹೋದಂತೆ ಅದು ಏರಿದ ದಾರಿ, ಕೊನೆಗೆ ಅದು ನೆಲೆನಿಂತ ಮೇಲ್ಮಟ್ಟ. ಕನಕಪುರದ ಕಡೆಯ ಕಬ್ಬಾಳದುರ್ಗದಿಂದ ತುಮಕೂರು, ಮಧುಗಿರಿ ಹಾದು ಬಡಗಕ್ಕೆ ಹೊರಟವರು ಗೊತ್ತಿಲ್ಲದೆಯೇ ಭೂಮಿಯ ಚಿಪ್ಪಿನೊಳಗೆ ಮೆಟ್ಟಿಲೇರುತ್ತಿರುತ್ತಾರೆ. ನಾನು ಗಣಿಯ ಗೋಡೆಯ ಮುಂದೆ ಮಾಡಿದ್ದನ್ನೇ ಭೂಮಿ ನಾಡಿನಗಲಕ್ಕೆ ಮಾಡಿಟ್ಟಿದೆ: ನೆಟ್ಟಗಿದ್ದ ಆಳವನ್ನು ಒರಗಿಸಿ, ನಮ್ಮ ಮುಂದೆ ಹರವಿದೆ.

ಕಲ್ಲಿನ ಮುಖ ಉಳಿಸಿಕೊಳ್ಳುವ ತುಡಿತ ಈ ನಾಡಿಗೆ ಹಳೆಯದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, 1904ರಲ್ಲಿ ಬಂದದ್ದು, ತುಮಕೂರು ಜಿಲ್ಲೆಯ ಶಾಸನಗಳದ್ದೇ. ಅಂದು ಒದ್ದೆ ಕಾಗದ ಒತ್ತಿ ಅಚ್ಚು ತೆಗೆಯುತ್ತಿದ್ದರು. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ, ಸವೆದ ಅಕ್ಷರಗಳೂ ಅಲ್ಲಿ ಓದಿಗೆ ಸಿಗುತ್ತಿವೆ. ಹಂಪಿಯ ಸ್ಮಾರಕಗಳನ್ನು ಹೀಗೆ ಡಿಜಿಟಲ್ ರೂಪಕ್ಕೆ ತಂದ ಕೆಲಸದಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೂ ಕೈಜೋಡಿಸಿದೆ. ಮನುಷ್ಯ ಕೊರೆದ ಸಾವಿರ ವರ್ಷದ ಸಾಲುಗಳಿಗೆ ಇಷ್ಟು ಅಕ್ಕರೆ ತೋರಿದ ನಾವು, ಕಾಲವೇ ಬರೆದ ಸಾಲುಗಳಿಗೂ ಅದನ್ನು ತೋರಬೇಡವೇ?

ಯಾಕೆಂದರೆ ಅವು ಹೋಗುತ್ತಿವೆ. ಆರು ವಾರ ಬಿಟ್ಟು ಗುಬ್ಬಿಯ ಆ ಕ್ವಾರಿಗೆ ಮತ್ತೆ ಹೋದೆ. ನಿರಿಗೆಯ ಗೋಡೆ ಇರಲಿಲ್ಲ! ಜಲ್ಲಿಯಾಗಿ ಯಾವುದೋ ಮನೆಯ ತಾರಸಿ ಸೇರಿತ್ತು, ಯಾವುದೋ ರಸ್ತೆಗೆ ಹಾಸಿತ್ತು. ನಾವೆಲ್ಲ ಅದರ ಮೇಲೆಯೇ ಓಡಾಡುವವರು, ಯಾರನ್ನು ದೂರುವುದು? ಎದೆ ಭಾರವಾಯಿತು. ಆದರೆ ಹಳೇ ಗೋಡೆಯ ಜಾಗದಿಂದ ನಾಲ್ಕು ಮೀಟರ್ ಹಿಂದೆ, ಅಂದಿನವರೆಗೆ ಸೂರ್ಯನ ಬೆಳಕನ್ನೇ ಕಾಣದ ಒಂದು ಹೊಸ ಗೋಡೆ ಥಳಥಳಿಸುತ್ತಿತ್ತು. ಮತ್ತೆ ಫೋಟೋ ತೆಗೆದೆ. ರಾತ್ರಿ ಎರಡೂ ಗೋಡೆಗಳನ್ನು ಒಂದೇ ಪರದೆಯಲ್ಲಿ, ಅವುಗಳ ನಿಜವಾದ ಜಾಗಗಳಲ್ಲಿ ನಿಲ್ಲಿಸಿದೆ. ಮೊದಲ ಗೋಡೆಯ ಮಡಿಕೆಯ ತುದಿಗಳಿಂದ ಎಳೆದ ಗೆರೆಗಳು ಎರಡನೆಯ ಗೋಡೆಯ ಮಡಿಕೆಗಳನ್ನು ಹೋಗಿ ಮುಟ್ಟಿದವು.

ಆಗ ನನಗೆ ಅರ್ಥವಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ಮೈಯನ್ನು ಬಿಲ್ಲೆ ಬಿಲ್ಲೆಯಾಗಿ ನೋಡುತ್ತದಲ್ಲ, ಪ್ರತಿ ಸಿಡಿತವೂ ಬಂಡೆಯ ಅಂಥ ಒಂದು ಬಿಲ್ಲೆ. ನಮ್ಮ ಕ್ವಾರಿಗಳು ದಿನವೂ ಭೂಮಿಯ ಒಳಗನ್ನು ಪುಟ ಪುಟವಾಗಿ ತೆರೆಯುತ್ತಿವೆ, ತೆರೆದ ಪುಟವನ್ನು ಪುಡಿ ಮಾಡುತ್ತಿವೆ. ನಡುವೆ ಒಂದೇ ಒಂದು ಬೆಳಗ್ಗೆ ಯಾರಾದರೂ ಫೋನ್ ಹಿಡಿದು ನಿಂತರೆ ಸಾಕು, ಆ ಪುಟ ಉಳಿಯುತ್ತದೆ. ತುಮಕೂರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ, ಸಿದ್ಧಗಂಗೆಯ ಎಂಜಿನಿಯರಿಂಗ್ ಮಕ್ಕಳೇ, ಗುಬ್ಬಿ ಕುಣಿಗಲ್ಲಿನ ಮೇಷ್ಟ್ರುಗಳೇ, ತಂತ್ರಾಂಶ ಉಚಿತ, ಫೋನು ಕಿಸೆಯಲ್ಲಿದೆ, ಬಂಡೆ ಊರ ಹೊರಗೇ ಇದೆ!

ಆ ರಾತ್ರಿ ಕೊನೆಯದಾಗಿ ಎರಡು ಗೋಡೆಗಳ ನಡುವಿನ ಆ ನಾಲ್ಕು ಮೀಟರ್ ಖಾಲಿಯಲ್ಲಿ ಹೋಗಿ ನಿಂತೆ. ಮುಂದೆ ಒಂದು ಗೋಡೆ, ಹಿಂದೆ ಒಂದು ಗೋಡೆ, ನಡುವೆ ನಿರಿಗೆ ನಿರಿಗೆಯಾಗಿ ಹಾಯುವ ಗೆರೆಗಳು. ಅಲ್ಲಿದ್ದ ಕಲ್ಲು ಈಗ ಲೋಕದಲ್ಲಿಲ್ಲ. ಆದರೂ ಅದರ ಒಂದೊಂದು ಎಳೆ ಎಲ್ಲಿಂದ ಎಲ್ಲಿಗೆ ಹೋಗಿತ್ತೆಂದು ಬೆರಳಿಟ್ಟು ತೋರಿಸಬಲ್ಲೆ. ಪರದೆಯ ಅಂಚಿನಲ್ಲಿ ನನ್ನ ಹೆಜ್ಜೆಗಳ ನೀಲಿ ಚೌಕಗಳು ಎರಡು ಸಾಲಾಗಿ ನಿಂತಿದ್ದವು. ಮೂರನೆಯ ಸಾಲಿಗೆ ಜಾಗವಿದೆ. ಮುಂದಿನ ಭಾನುವಾರ ನೀವೂ ಬನ್ನಿ.